ಬಾಡಿಗೆ ಕಾರೂ ನಾಲ್ಕನೆಯ ನಿಂಬೆಹಣ್ಣೂ

ಕಾರು ಓಡಿಸುವ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿರಲಿಲ್ಲ. ಶುಕ್ರವಾರ ರಾಹುಕಾಲದ ಹೊತ್ತಿನಲ್ಲಿ ಬನಶಂಕರಿ ದೇವಸ್ಥಾನದ ಮುಂದೆ, ನಿಂಬೆಹಣ್ಣಿನ ದೀಪ ಹಿಡಿದ ಹೆಂಗಸರು, ಹೂವಿನ ತಳ್ಳುಗಾಡಿ, ಸಿಟಿ ಬಸ್ಸು, ರಸ್ತೆಯ ನಡುವೆ ಯೋಚನೆ ಮಾಡುತ್ತ ನಿಂತ ಒಂದು ಹಸು, ಇಷ್ಟರ ಮಧ್ಯದಿಂದ ಒಂದು ಗೀರೂ ಬೀಳದಂತೆ ಕಾರು ದಾಟಿಸಿದವನು ನಾನು. ಇಷ್ಟು ಮಾಡಿದವನಿಗೆ ಪ್ರಪಂಚದ ಯಾವ ರಸ್ತೆಯಾದರೂ ಒಂದೇ.

ಹಾಗಾಗಿ ನ್ಯೂಜಿಲೆಂಡಿನಲ್ಲಿ ಕಾರು ಬಾಡಿಗೆಗೆ ಹಿಡಿದು ನಾನೇ ಓಡಿಸುತ್ತೇನೆ ಎಂದಾಗ ನನ್ನ ಧ್ವನಿಯಲ್ಲಿ ಎಳ್ಳಷ್ಟೂ ಅಳುಕಿರಲಿಲ್ಲ. ಅಳುಕಿದ್ದದ್ದು ನನ್ನ ಹೆಂಡತಿ ಗಿರಿಜಾಳ ಮುಖದಲ್ಲಿ. ಅದನ್ನು ನಾನು ಪತಿಭಕ್ತಿ ಎಂದು ತಿಳಿದೆ.

ನನ್ನ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ಮನೆ ಗಿರಿನಗರದಲ್ಲಿ. ಹನುಮಂತನಗರದಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಸುತ್ತಮುತ್ತಲಿನ ಜನಕ್ಕೆ ಹತ್ತಿರದ್ದು, ದೂರದ್ದು ಎರಡೂ ಚೆನ್ನಾಗಿ ಕಾಣಿಸುವಂತೆ ಮಾಡುವುದು ನನ್ನ ಕಸುಬು. ಈ ಬರಹ ಓದಿ ಮುಗಿಸುವವರೆಗೆ ಈ ಸಂಗತಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಬೇಡಿ.

ಗಿರಿಜಾ ಜೆ.ಪಿ. ನಗರದ ಒಂದು ಶಾಲೆಯಲ್ಲಿ ಭೂಗೋಳದ ಟೀಚರು. ಪ್ರತಿ ವರ್ಷ ಬೋರ್ಡಿನ ಮೇಲೆ ನೀಲಿ ಚಾಕ್‌ಪೀಸಿನಲ್ಲಿ ಹಿಮನದಿಯ ಚಿತ್ರ ಬರೆಯುತ್ತಾಳೆ. ಮೇಲೆ ಬೆಟ್ಟ, ಅಲ್ಲಿಂದ ನಾಲಿಗೆ ಚಾಚಿದಂತೆ ಇಳಿದು ಬರುವ ಹಿಮ, ಅದರ ತುದಿಯಲ್ಲಿ ಕರಗಿದ ನೀರಿನ ಸರೋವರ. ಒಂದು ದಿನ ಕ್ಲಾಸಿನಲ್ಲಿ ಒಂದು ಹುಡುಗಿ ಎದ್ದು ನಿಂತು, "ಮಿಸ್, ಇದನ್ನ ನೀವು ನೋಡಿದೀರಾ?" ಎಂದು ಕೇಳಿತಂತೆ. ಗಿರಿಜಾ ಅವತ್ತು ಮನೆಗೆ ಬಂದವಳು ಹುರುಳಿಕಾಯಿ ಹೆಚ್ಚುತ್ತಾ ಕೂತಿದ್ದಳು. ಆಮೇಲೆ, "ಇಷ್ಟು ವರ್ಷ ನೋಡದೇ ಇರೋದನ್ನ ಪಾಠ ಮಾಡ್ಕೊಂಡ್ ಬಂದಿದೀನಿ ರೀ. ಮಕ್ಕಳಿಗೆ ಮೋಸ ಮಾಡ್ದಂಗಲ್ವಾ?" ಎಂದಳು.

ಮದುವೆಯಾಗಿ ಇಪ್ಪತ್ತೈದು ವರ್ಷವಾದ ನೆಪದಲ್ಲಿ ನಾನು ಆ ಮೋಸವನ್ನು ಸರಿಪಡಿಸಲು ಹೊರಟೆ. ನ್ಯೂಜಿಲೆಂಡಿಗೆ ಟೂರ್ ಕಂಪನಿಯೊಂದರ ಜೊತೆ ಹೋಗುವುದು ಎಂದಾಯಿತು. ಟೂರಿನವರು ಜಲಪಾತ, ಕುರಿ, ಮತ್ತೆ ಕುರಿ, ಹೀಗೆ ಎಲ್ಲವನ್ನೂ ತೋರಿಸಿದರು. ಹಿಮನದಿ ಮಾತ್ರ ಅವರ ಪಟ್ಟಿಯಲ್ಲಿರಲಿಲ್ಲ. ಅದಕ್ಕಾಗಿಯೇ ನಾವು ಕೊನೆಯ ಒಂದು ದಿನವನ್ನು ಬಿಡುವಾಗಿ ಇಟ್ಟುಕೊಂಡಿದ್ದೆವು. ಗಿರಿಜಾ ಗಿರಿನಗರದಲ್ಲಿದ್ದಾಗಲೇ ಬೋಟಿನಲ್ಲಿ ಎರಡು ಸೀಟು ಕಾದಿರಿಸಿದ್ದಳು. ಮಧ್ಯಾಹ್ನ ಎರಡಕ್ಕೆ ಬೋಟು ಹೊರಡುತ್ತದೆ, ಸರೋವರದಲ್ಲಿ ತೇಲುವ ಹಿಮದ ಗುಡ್ಡೆಗಳ ನಡುವೆ ಸಾಗಿ ಹಿಮನದಿಯ ಮುಖದ ಹತ್ತಿರಕ್ಕೆ ಕರೆದೊಯ್ಯುತ್ತದೆ. ಮರುದಿನವೇ ನಮಗೆ ಬೆಂಗಳೂರಿಗೆ ವಾಪಸು ವಿಮಾನ.

"ಅದು ವರ್ಷ ವರ್ಷ ಕರಗಿ ಹಿಂದೆ ಹಿಂದೆ ಹೋಗ್ತಾ ಇದೆ ರೀ," ಎಂದಿದ್ದಳು. "ಈಗ್ಲೇ ನೋಡ್ಬಿಡ್ಬೇಕು. ನಾವು ರಿಟೈರ್ ಆಗಿ ನಿಧಾನಕ್ಕೆ ಬರ್ತೀವಿ ಅಂದ್ರೆ ಅದು ಕಾಯ್ತಾ ಕೂತಿರಲ್ಲ."

"ಎರಡು ಗಂಟೆ ಬೋಟಿಗೆ ನಿನ್ನ ಹನ್ನೆರಡಕ್ಕೇ ತಲುಪಿಸ್ತೀನಿ," ಎಂದೆ. ಇಂಥ ಮಾತನ್ನು ಆಡುವ ಮುಂಚೆ ಮನುಷ್ಯನಿಗೆ ಒಂದು ಸೀನಾದರೂ ಬರಬಾರದೇ.

ಕ್ರೈಸ್ಟ್‌ಚರ್ಚ್ ಎಂಬ ಊರಿನಲ್ಲಿ, ಹಿಂದಿನ ಸಂಜೆಯೇ ಕಾರು ತೆಗೆದುಕೊಳ್ಳಲು ಹೋದೆವು. ಕೌಂಟರಿನ ಹುಡುಗಿ ಬಹಳ ಮರ್ಯಾದೆಯಿಂದ ನನ್ನ ಲೈಸೆನ್ಸು ನೋಡಿ, ಕಂಪ್ಯೂಟರಿನಲ್ಲಿ ಏನೇನೋ ಕುಟ್ಟಿ, "ಇನ್ನೊಬ್ಬ ಡ್ರೈವರ್ ಹೆಸರು ಸೇರಿಸೋದಿದೆಯಾ ಸರ್?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಕೇಳುವಾಗ ಅವಳು ನೋಡಿದ್ದು ಗಿರಿಜಾಳನ್ನು. ನನ್ನ ಪಕ್ಕದಲ್ಲಿ ವ್ಯಾನಿಟಿ ಬ್ಯಾಗಿನ ಜಿಪ್ಪು ಬಿಚ್ಚಿದ ಸದ್ದಾಯಿತು. ಗಿರಿಜಾ ತನ್ನ ಲೈಸೆನ್ಸನ್ನೂ ತಂದಿದ್ದಾಳೆಂಬುದು ನನಗೆ ಗೊತ್ತಾದದ್ದೇ ಆಗ.

"ನೋ, ನೋ. ಐ ಆಮ್ ದೇರ್," ಎಂದೆ. ಹಾಗೆಯೇ ಇವಳ ಕಡೆ ತಿರುಗಿ, "ನಾನಿರುವಾಗ ನೀನ್ಯಾಕೆ? ನೀನು ಆರಾಮಾಗಿ ಕೂತ್ಕೊಂಡು ಬೆಟ್ಟ ಗುಡ್ಡ ನೋಡು," ಎಂದು ಔದಾರ್ಯ ತೋರಿಸಿದೆ.

"ಇರ್ಲಿ ಅಂತ ಹೆಸರು ಬರೆಸಿದ್ರೆ ಏನಾಗುತ್ತೆ ರೀ?"

"ಏನೂ ಆಗಲ್ಲ. ಏನೂ ಆಗದೇ ಇರೋದಕ್ಕೆ ಯಾಕೆ ಬರೆಸ್ಬೇಕು?"

"ಆಮೇಲೆ ಸೇರಿಸಬೇಕು ಅಂದ್ರೆ ಇಬ್ಬರೂ ಈ ಕೌಂಟರಿಗೇ ಬರಬೇಕಾಗುತ್ತೆ ಸರ್," ಎಂದು ಆ ಹುಡುಗಿ ಎಚ್ಚರಿಸಿದಳು. ನಾನು ನಕ್ಕೆ. ಜಿಪ್ಪು ಮುಚ್ಚಿದ ಸದ್ದು ಕೇಳಿಸಿತು.

ಇಲ್ಲಿ ಒಂದು ಸತ್ಯವನ್ನು ಹೇಳಬೇಕು. ನಮ್ಮ ಮನೆಯ ಕಾರನ್ನು ವಾರದಲ್ಲಿ ಆರು ದಿನ ಓಡಿಸುವವಳು ಗಿರಿಜಾ. ಗಿರಿನಗರದಿಂದ ಜೆ.ಪಿ. ನಗರಕ್ಕೆ ಬನಶಂಕರಿ ದೇವಸ್ಥಾನದ ಮುಂದೆಯೇ ಹೋಗಿ ಬರುತ್ತಾಳೆ. ನಾನು ಅಂಗಡಿಗೆ ನಡೆದು ಹೋಗುತ್ತೇನೆ, ನಾನು ಭಾನುವಾರದ ಡ್ರೈವರು. ಮೊದಲಲ್ಲಿ ಹೇಳಿದ ಶುಕ್ರವಾರದ ಸಾಹಸ ನನ್ನ ಜೀವನದಲ್ಲಿ ನಡೆದದ್ದು ಒಂದೇ ಸಲ, ಅದೂ ಅವಳಿಗೆ ಜ್ವರ ಬಂದಿತ್ತೆಂದು.

ಹುಡುಗಿ ಕೀಲಿಯ ಜೊತೆ ಒಂದು ಮಡಿಚಿದ ಕಾಗದ ಕೊಟ್ಟಳು. ಈ ದೇಶದಲ್ಲಿ ಜೋಪಾನವಾಗಿ ಕಾರು ಓಡಿಸುವುದು ಹೇಗೆ ಎಂದು ಪ್ರವಾಸಿಗಳಿಗಾಗಿ ಬಣ್ಣದ ಚಿತ್ರ ಹಾಕಿ ಅಚ್ಚು ಮಾಡಿಸಿದ್ದರು. ಮೊದಲ ಸಾಲಿನಲ್ಲೇ 'ಎಡಗಡೆ ಓಡಿಸಿ' ಎಂದಿತ್ತು. ಹುಟ್ಟಿದಾಗಿನಿಂದ ಎಡಗಡೆಯಲ್ಲೇ ಓಡಾಡಿದವನಿಗೆ ಇದನ್ನು ಹೇಳಿಕೊಡುತ್ತಾರಲ್ಲ ಎಂದು ನಗು ಬಂತು. ಎರಡನೆಯ ಸಾಲು ಓದಲಿಲ್ಲ.

ಆ ಕಾಗದ ವ್ಯರ್ಥವಾಗಲಿಲ್ಲ. ಮರುದಿನ ಬೆಳಿಗ್ಗೆ ಅದರ ಮೇಲೆ ಕುಂಕುಮ ಕಲಸಿದೆ.

ಯಾಕೆ ಎಂದು ನೀವು ಕೇಳುವುದಾದರೆ ನೀವು ನಮ್ಮ ಕಡೆಯವರಲ್ಲ. ಹೊಸ ಗಾಡಿಯನ್ನು ಪೂಜೆ ಮಾಡದೆ ರಸ್ತೆಗೆ ಇಳಿಸುವುದುಂಟೇ? ಬನಶಂಕರಿಯ ಕುಂಕುಮ ನನ್ನ ಪರ್ಸಿನಲ್ಲೇ ಇತ್ತು. ನಿಂಬೆಹಣ್ಣನ್ನು ರಾತ್ರಿಯೇ ಅಂಗಡಿಯಿಂದ ತಂದಿಟ್ಟಿದ್ದೆ. ಅಲ್ಲಿಯ ನಿಂಬೆಹಣ್ಣು ನಮ್ಮದರಂತೆ ಗೋಲಿ ಗಾತ್ರದ್ದಲ್ಲ, ಕಿತ್ತಳೆಯಷ್ಟು ದಪ್ಪ. ದೇವರಿಗೆ ಇನ್ನೂ ಸಂತೋಷವಾಗಲಿ ಎಂದುಕೊಂಡೆ.

"ರೀ, ಬಾಡಿಗೆ ಕಾರಿಗೆ ಯಾರಾದ್ರೂ ಪೂಜೆ ಮಾಡ್ತಾರಾ? ಅವರ ಗಾಡಿ ಕಣ್ರೀ ಅದು."

"ಆಟೋದವ್ರು ಎಷ್ಟೋ ಜನ ಬಾಡಿಗೆ ಗಾಡೀನೇ ಓಡ್ಸೋದು. ಅವ್ರು ಆಯುಧಪೂಜೆ ಮಾಡಲ್ವಾ?"

ಅವಳು ಗಡಿಯಾರ ನೋಡಿ ಕಾರಿನೊಳಗೆ ಹೋಗಿ ಕೂತಳು.

ಕಾರು ಬೆಳ್ಳಗಿತ್ತು. ಬಾನೆಟ್ಟಿನ ಮೇಲೆ ಅಂಗೈಯಗಲದ 'ಶ್ರೀ' ಬರೆದೆ. ಮುಂದಿನ ಗಾಜಿನ ಕೆಳಗೆ, ದೀಪಗಳ ಮೇಲೆ, ನಂಬರ್ ಪ್ಲೇಟಿನ ಪಕ್ಕದಲ್ಲಿ ಧಾರಾಳವಾಗಿ ಬೊಟ್ಟಿಟ್ಟೆ. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣಿಟ್ಟು, ಒಳಗೆ ಕೂತು, ಕೈಮುಗಿದು ಕಾರು ಮುಂದಕ್ಕೆ ಬಿಟ್ಟೆ. ಪಟ್, ಪಟ್, ಪಟ್. ನಾಲ್ಕನೆಯದು ಒಡೆಯಲಿಲ್ಲ. ಚಕ್ರದಡಿಯಿಂದ ಪಕ್ಕಕ್ಕೆ ಹಾರಿ, ಹೋಟೆಲಿನ ಇಳಿಜಾರಿನಲ್ಲಿ ಉರುಳುತ್ತಾ ಗೇಟು ದಾಟಿ ಮರೆಯಾಯಿತು.

ಗಿರಿಜಾ ಅದು ಹೋದ ದಿಕ್ಕನ್ನೇ ನೋಡುತ್ತಾ ಕೂತಳು.

"ಮೂರು ಸಾಕು ಬಿಡು," ಎಂದೆ.

ಹೊರಟೆವು. ಅದು ಗೇರು ಹಾಕುವ ಕಾರಲ್ಲ, ತಾನೇ ಹಾಕಿಕೊಳ್ಳುವ ಕಾರು. ಕ್ಲಚ್ಚಿಲ್ಲದ್ದರಿಂದ ನನ್ನ ಎಡಗಾಲಿಗೆ ಕೆಲಸವಿರಲಿಲ್ಲ. ಆದರೆ ಅದು ನಿಷ್ಠಾವಂತ ಕಾಲು. ಮೊದಲ ಸಿಗ್ನಲ್ಲಿನಲ್ಲೇ ಕ್ಲಚ್ಚೆಂದು ತಿಳಿದು ಬ್ರೇಕನ್ನು ಬಲವಾಗಿ ಒತ್ತಿತು. ಗಿರಿಜಾಳ ಕೈಯಲ್ಲಿದ್ದ ಬಿಸ್ಕತ್ತಿನ ಪೊಟ್ಟಣ ಮುಂದಿನ ಗಾಜಿಗೆ ಬಡಿದು ವಾಪಸು ಅವಳ ಮಡಿಲಿಗೇ ಬಿತ್ತು.

"ಎಡಗಾಲು ಹಿಂದಕ್ಕೆ ಮಡಿಚ್ಕೊಂಡ್ಬಿಡಿ," ಎಂದಳು. ಅವಳಿಗೆ ಅದು ಹೇಗೆ ಗೊತ್ತೆಂದು ನಾನು ಕೇಳಲಿಲ್ಲ.

ಊರು ದಾಟುತ್ತಿದ್ದಂತೆ ಸೋನೆ ಮಳೆ ಹಿಡಿಯಿತು. ಇನ್ನು ಮುಂದಿನದನ್ನೆಲ್ಲ ನಾನು ಮಾಡಿದ್ದು ಸೇಫ್ಟಿಗಾಗಿ. ಇದನ್ನು ಯಾವ ದೇವರ ಮುಂದೆ ಬೇಕಾದರೂ ಪ್ರಮಾಣ ಮಾಡಿ ಹೇಳುತ್ತೇನೆ.

ಮೊದಲನೆಯದಾಗಿ, ನಾಲ್ಕೂ ಇಂಡಿಕೇಟರು ಹಾಕಿದೆ. ನಮ್ಮಲ್ಲಿ ಎಡಕ್ಕೆ ಹೋಗುವವನು ಎಡದ್ದು ಹಾಕುತ್ತಾನೆ, ಬಲಕ್ಕೆ ಹೋಗುವವನು ಬಲದ್ದು ಹಾಕುತ್ತಾನೆ, ಸರ್ಕಲ್ಲಿನಲ್ಲಿ ನೇರ ಹೋಗುವವನು ಎರಡೂ ಕಡೆಯದ್ದನ್ನು ಹಾಕುತ್ತಾನೆ. ಬಿಟಿಎಂ ಲೇಔಟಿನ ಯಾವ ಸರ್ಕಲ್ಲಿನಲ್ಲಿ ಬೇಕಾದರೂ ನೋಡಿ. ನಮ್ಮ ದಾರಿ ನೇರವಾಗಿತ್ತು. ಬಹಳ ದೂರದವರೆಗೆ ನೇರವಾಗಿತ್ತು. ಹಾಗಾಗಿ ಅವನ್ನು ಆರಿಸಲೇ ಇಲ್ಲ.

"ಅದು ಗಾಡಿ ಕೆಟ್ಟು ನಿಂತಾಗ ಹಾಕೋದು ರೀ," ಎಂದಳು ಗಿರಿಜಾ.

"ಮಳೆ ಬರ್ತಿದೆ. ನಾಲ್ಕು ಜನಕ್ಕೆ ಕಾಣಿಸ್ಲಿ."

ಎರಡನೆಯದಾಗಿ, ಹಾರ್ನು. ಬೆಟ್ಟದ ದಾರಿ ಶುರುವಾದ ಮೇಲೆ ತಿರುವುಗಳು ಬಂದವು. ನಮ್ಮ ಘಾಟಿಗಳಲ್ಲಿ ಪ್ರತಿ ತಿರುವಿನಲ್ಲೂ ಹಾರ್ನ್ ಮಾಡಿ ಎಂದು ಹಲಗೆ ಹಾಕಿರುತ್ತಾರೆ. ಇಲ್ಲಿ ಹಾಕಿರಲಿಲ್ಲ. ಪಾಪ, ಮರೆತಿರಬೇಕು. ನಾನು ನನ್ನ ಕರ್ತವ್ಯ ಬಿಡಲಿಲ್ಲ. ತಿರುವಿಗೆ ಮುಂಚೆ ಒಂದು ಉದ್ದದ್ದು, ತಿರುವಿನಲ್ಲಿ ಎರಡು ಚಿಕ್ಕದ್ದು. ಬೇಲಿಯಾಚೆ ಮೇಯುತ್ತಿದ್ದ ಕುರಿಗಳು ತಲೆಯೆತ್ತಿ ನೋಡಿ ಒಟ್ಟಾಗಿ ಓಡಿದವು. ಆ ದೇಶದಲ್ಲಿ ಅವು ಅದುವರೆಗೆ ಹಾರ್ನ್ ಕೇಳಿರಲಿಲ್ಲವೆಂದು ಕಾಣುತ್ತದೆ.

ಎದುರಿಗೆ ಬರುವ ಕಾರಿನವರೆಲ್ಲ ನನ್ನನ್ನು ನೋಡಿ ಕೈಯೆತ್ತತೊಡಗಿದರು. ಎಷ್ಟು ಸ್ನೇಹದ ಜನ ಎಂದು ಮನಸ್ಸು ತುಂಬಿ ಬಂತು. ಗಿರಿನಗರದಲ್ಲಿ ಮೂವತ್ತು ವರ್ಷದಿಂದ ಎದುರು ಮನೆಯಲ್ಲಿರುವವರೂ ಹೀಗೆ ಕೈಯೆತ್ತುವುದಿಲ್ಲ. ನಾನೂ ಒಬ್ಬೊಬ್ಬರಿಗೂ ಕೈಬೀಸಿದೆ.

"ಅವ್ರು ನಿಲ್ಸಿ ಅಂತಿದಾರೆ ರೀ."

"ಇಲ್ಲ ಕಣೇ, ಹಲೋ ಅಂತಿದಾರೆ."

"ಎರಡೂ ಕೈಯಲ್ಲಾ?"

ನಮ್ಮ ಹಿಂದೆ ಒಂದು ಪುಟ್ಟ ಮನೆಯಂಥ ವ್ಯಾನು ಬಹಳ ಹೊತ್ತಿನಿಂದ ಬರುತ್ತಿತ್ತು. ಒಳಗೆ ಒಬ್ಬ ಅಜ್ಜ, ಒಬ್ಬ ಅಜ್ಜಿ. ಅವರೂ ದೀಪ ಮಿಣುಕಿಸಿ, ಕೈಯಾಡಿಸಿ, ಬಹಳ ಪ್ರೀತಿ ತೋರಿಸಿದರು. ಅಜ್ಜಿ ಫೋನಿನಲ್ಲಿ ಮಾತಾಡುತ್ತಿರುವುದು ಕನ್ನಡಿಯಲ್ಲಿ ಕಂಡಿತು. ಮಗಳ ಜೊತೆಗಿರಬೇಕು ಎಂದುಕೊಂಡೆ.

ಅಜ್ಜಿ ಮಾತಾಡಿದ್ದು ಪೊಲೀಸರ ಜೊತೆ.

ಸ್ವಲ್ಪ ದೂರ ಹೋಗುವುದರಲ್ಲಿ ಹಿಂದಿನಿಂದ ಕೆಂಪು ನೀಲಿ ದೀಪದ ಗಾಡಿಯೊಂದು ಬಂತು. ಯಾರೋ ಮಂತ್ರಿಗಳಿರಬೇಕೆಂದು ತಕ್ಷಣ ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಆ ಗಾಡಿಯೂ ಪಕ್ಕಕ್ಕೆ ಸರಿಯಿತು. ಮುಂದೆ ಹೋಗಿ ಸಾರ್ ಎಂದು ಕೈಸನ್ನೆ ಮಾಡಿದೆ. ಅದು ಹೋಗಲಿಲ್ಲ. ನಾನು ನಿಲ್ಲಿಸಿದೆ, ಅದೂ ನಿಂತಿತು.

ಇಳಿದು ಬಂದವಳು ಎತ್ತರದ ಒಬ್ಬ ಪೊಲೀಸ್ ಹೆಂಗಸು. ಬೈಗುಳಕ್ಕೆ ಸಿದ್ಧನಾಗಿದ್ದೆ. ಆಕೆ ಬಾಗಿ, ಬಹಳ ಮೃದುವಾಗಿ, "ಸರ್, ಎದೆನೋವಿದೆಯಾ?" ಎಂದು ಕೇಳಿದಳು.

ಈ ಪ್ರಶ್ನೆಗೆ ನಾನು ಸಿದ್ಧನಾಗಿರಲಿಲ್ಲ. ಏನೂ ಇಲ್ಲ ಎನ್ನುವುದಕ್ಕೆ ನಮ್ಮೂರಿನ ರೀತಿಯಲ್ಲಿ ತಲೆಯಾಡಿಸಿದೆ. ಆಕೆ ಆ ತಲೆಯನ್ನು ನೋಡಿ ಹೌದೆಂದು ತಿಳಿದು, ಹೆಗಲ ಮೇಲಿದ್ದ ರೇಡಿಯೋದಲ್ಲಿ ಆಂಬುಲೆನ್ಸಿಗೆ ಹೇಳಿದಳು.

ಆಮೇಲೆ ತಿಳಿದದ್ದು ಇಷ್ಟು. ನಾಲ್ಕೂ ಇಂಡಿಕೇಟರು ಹಾಕಿಕೊಂಡು, ಬಿಡದೆ ಹಾರ್ನ್ ಹೊಡೆಯುತ್ತಾ, ಎದುರಿಗೆ ಬಂದವರಿಗೆಲ್ಲ ಕೈಬೀಸುತ್ತಾ ಹೋಗುವವನನ್ನು ಕಂಡರೆ ಆ ದೇಶದವರು ಸಹಾಯ ಬೇಡುತ್ತಿದ್ದಾನೆ ಎಂದು ತಿಳಿಯುತ್ತಾರೆ. ಡ್ರೈವರಿಗೆ ಹೃದಯಾಘಾತವಾಗಿದೆ, ಆದರೂ ಹೇಗೋ ಓಡಿಸಿಕೊಂಡು ಆಸ್ಪತ್ರೆ ಹುಡುಕುತ್ತಿದ್ದಾನೆ ಎಂದು ಮೂರು ನಾಲ್ಕು ಜನ ಫೋನ್ ಮಾಡಿದ್ದರಂತೆ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆಕೆ ಕಾರಿನ ಮುಂಭಾಗಕ್ಕೆ ಹೋದಳು. ನಿಂತಳು. ಅವಳ ಮುಖದ ಬಣ್ಣ ಬದಲಾಯಿತು. ನನ್ನ 'ಶ್ರೀ' ಮಳೆಯಲ್ಲಿ ಕರಗಿ, ಬಾನೆಟ್ಟಿನಿಂದ ದೀಪಗಳ ಮೇಲೆ, ದೀಪಗಳಿಂದ ನಂಬರ್ ಪ್ಲೇಟಿನ ಮೇಲೆ ಕೆಂಪಗೆ ಇಳಿದಿತ್ತು.

"ಸರ್, ನೀವು ಏನಕ್ಕೆ ಗುದ್ದಿದಿರಿ?"

"ನಥಿಂಗ್. ದಟ್ ಈಸ್ ಗಾಡ್," ಎಂದೆ.

ಈಗ ಯೋಚಿಸಿದರೆ ವಿವರವಾಗಿ ಹೇಳಬಹುದಿತ್ತು. ಆಕೆ ಮಂಡಿಯೂರಿ ಚಕ್ರ ನೋಡಿದಳು. ಚಕ್ರಕ್ಕೆ ಹಳದಿ ಸಿಪ್ಪೆ, ತಿರುಳು ಅಂಟಿಕೊಂಡಿತ್ತು. ಇದೇನೆಂದು ಕೇಳಿದಳು. "ಫಾರ್ ಸೇಫ್ಟಿ," ಎಂದೆ. ಆಕೆ ಎದ್ದು ಒಂದು ಹೆಜ್ಜೆ ಹಿಂದೆ ಸರಿದು ನಿಂತಳು.

ಗಿರಿಜಾ ಆಗ ಕಾರಿನಿಂದಿಳಿದಳು. ಏಳನೇ ಕ್ಲಾಸಿಗೆ ಪಾಠ ಹೇಳುವ ಧ್ವನಿಯಲ್ಲಿ, ಕುಂಕುಮ ಎಂದರೇನು, ನಿಂಬೆಹಣ್ಣು ಯಾಕೆ, ಘಾಟಿಯ ಹಾರ್ನ್ ಹಲಗೆ ಏನು ಹೇಳುತ್ತದೆ, ಬೆಂಗಳೂರಿನ ಸರ್ಕಲ್ಲಿನಲ್ಲಿ ನೇರ ಹೋಗುವವರು ಏನು ಮಾಡುತ್ತಾರೆ, ಎಲ್ಲವನ್ನೂ ಒಂದೊಂದಾಗಿ ವಿವರಿಸಿದಳು. ತನ್ನ ಬೆರಳಿಗೆ ಕುಂಕುಮ ತಾಗಿಸಿಕೊಂಡು ಮೂಸಿಯೂ ತೋರಿಸಿದಳು. ಪೊಲೀಸ್ ಹೆಂಗಸಿನ ತುಟಿ ಸ್ವಲ್ಪ ಅದುರಿತು. ಅದು ನಗುವೆಂದು ನನಗೆ ಅನುಮಾನವಿದೆ.

ಎಲ್ಲ ಸರಿಹೋಯಿತು ಎಂದುಕೊಳ್ಳುವಷ್ಟರಲ್ಲಿ ಆಂಬುಲೆನ್ಸು ಬಂತು. ಬಂದಮೇಲೆ ಸುಮ್ಮನೆ ಹೋಗಲಾಗುತ್ತದೆಯೇ? ನನ್ನನ್ನು ಕೂರಿಸಿ ಬಿಪಿ ನೋಡಿದರು. ಪೊಲೀಸು, ಆಂಬುಲೆನ್ಸು, ಹಿಂದೆ ಸಾಲಾಗಿ ನಿಂತು ಕುತ್ತಿಗೆ ಉದ್ದ ಮಾಡಿ ನೋಡುವ ಕಾರುಗಳು, ಇಷ್ಟರ ನಡುವೆ ಯಾವ ಬಿಪಿ ತಾನೇ ನೆಟ್ಟಗಿರುತ್ತದೆ! ಆಂಬುಲೆನ್ಸಿನವನು ಮೀಟರು ನೋಡಿ, ಇನ್ನೊಂದು ಸಲ ನೋಡಿ, "ಇವತ್ತು ನೀವು ಕಾರು ಓಡಿಸುವುದು ಬೇಡ ಸರ್," ಎಂದ. ಪೊಲೀಸ್ ಹೆಂಗಸು ಕೈಚಾಚಿದಳು. ಕೀಲಿ ಕೊಟ್ಟೆ.

"ಮೇಡಂ, ನಿಮಗೆ ಡ್ರೈವಿಂಗ್ ಬರುತ್ತಾ?" ಎಂದು ಆಕೆ ಗಿರಿಜಾಳನ್ನು ಕೇಳಿದಳು.

ಜಿಪ್ಪು ಬಿಚ್ಚಿದ ಸದ್ದಾಯಿತು.

ಲೈಸೆನ್ಸು ಸರಿಯಾಗಿತ್ತು. ಎಲ್ಲ ಸರಿಯಾಗಿತ್ತು. ಇನ್ನೂ ಸಮಯವಿತ್ತು, ಈಗ ಹೊರಟರೆ ಎರಡಕ್ಕೆ ಮುಂಚೆ ಸರೋವರ ತಲುಪಬಹುದಿತ್ತು. ಪೊಲೀಸ್ ಹೆಂಗಸು ಒಳ್ಳೆಯ ಮನಸ್ಸಿನಿಂದ ತಾನೇ ಬಾಡಿಗೆ ಕಂಪನಿಗೆ ಫೋನ್ ಮಾಡಿದಳು. ಆಚೆಯ ಉತ್ತರ ಆಕೆಯ ಮುಖದಲ್ಲೇ ಕಾಣಿಸಿತು. ಕಾಗದದಲ್ಲಿ ಹೆಸರಿಲ್ಲದವರು ಓಡಿಸುವಂತಿಲ್ಲ. ಹೆಸರು ಸೇರಿಸಬೇಕಾದರೆ ಇಬ್ಬರೂ ಕೌಂಟರಿಗೆ ಬರಬೇಕು. ಕಾರು ತರಲು ಅವರೇ ಯಾರನ್ನಾದರೂ ಕಳಿಸುತ್ತಾರಂತೆ, ಸಂಜೆಯಾಗುತ್ತದಂತೆ.

ಗಿರಿಜಾ ಲೈಸೆನ್ಸನ್ನು ಬ್ಯಾಗಿನೊಳಗಿಟ್ಟು ನಿಧಾನವಾಗಿ ಜಿಪ್ಪು ಎಳೆದಳು. ಅವಳು ಬೈದಿದ್ದರೆ ನಾನು ವಾಪಸು ಏನಾದರೂ ಹೇಳಿ ಹಗುರಾಗುತ್ತಿದ್ದೆ. ಆ ಜಿಪ್ಪಿಗೆ ಏನು ಹೇಳುವುದು?

ಪೊಲೀಸ್ ಗಾಡಿಯಲ್ಲೇ ನಮ್ಮನ್ನು ಹತ್ತಿರದ ಒಂದು ಸಣ್ಣ ಊರಿನ ಕಾಫಿ ಹೋಟೆಲಿನಲ್ಲಿ ಇಳಿಸಿದರು. ಊರೆಂದರೆ ಒಂದು ಪೆಟ್ರೋಲ್ ಬಂಕು, ಒಂದು ಅಂಗಡಿ, ಈ ಹೋಟೆಲು. ಕಿಟಕಿಯ ಪಕ್ಕ ಕೂತೆವು. ಹೊರಗೆ ಚಳಿ, ಒಳಗೆ ಬೆಚ್ಚಗೆ, ಗಾಜಿನ ಮೇಲೆ ಮಂಜು ಕೂತಿತ್ತು. ಗಿರಿಜಾ ಟೀ ಕುಡಿಯುತ್ತಾ ಆ ಗಾಜಿನ ಮೇಲೆ ಬೆರಳಿನಿಂದ ಗೀಚತೊಡಗಿದಳು. ಮೇಲೆ ಬೆಟ್ಟ, ಅಲ್ಲಿಂದ ಇಳಿದ ಹಿಮ, ತುದಿಯಲ್ಲಿ ಸರೋವರ. ಇಷ್ಟು ವರ್ಷ ನಾನು ಅವಳು ಬೋರ್ಡಿನ ಮೇಲೆ ಬರೆಯುವುದನ್ನು ನೋಡಿರಲಿಲ್ಲ. ಬಹಳ ಚೆನ್ನಾಗಿ ಬರೆಯುತ್ತಾಳೆ.

"ಸಾರಿ ಕಣೇ," ಎಂದೆ.

"ಬಿಡಿ," ಎಂದಳು. "ನೀವು ಬೇಕು ಅಂತ ಮಾಡಿದ್ರಾ?"

ಅಷ್ಟರಲ್ಲಿ ಬಾಗಿಲು ತೆರೆದು ವ್ಯಾನಿನ ಅಜ್ಜ ಅಜ್ಜಿ ಒಳಗೆ ಬಂದರು. ನಾನು ಬದುಕಿದ್ದೇನೋ ಇಲ್ಲವೋ ಎಂದು ನೋಡಿಕೊಂಡು ಹೋಗಲು ಬಂದಿದ್ದರು. ಬದುಕಿರುವುದನ್ನು ಕಂಡು ನಿಜಕ್ಕೂ ಸಂತೋಷಪಟ್ಟರು. ಅಜ್ಜಿ ನನ್ನ ಕೈಹಿಡಿದು ಕುಲುಕಿದಳು. ಎಲ್ಲಿಗೆ ಹೊರಟಿದ್ದಿರಿ ಎಂದು ಕೇಳಿದಳು. ಗಿರಿಜಾ ಗಾಜಿನ ಮೇಲಿನ ಚಿತ್ರ ತೋರಿಸಿದಳು.

"ನಾವೂ ಅಲ್ಲಿಗೇ!" ಎಂದಳು ಅಜ್ಜಿ. "ನಮ್ಮ ವ್ಯಾನಿನಲ್ಲಿ ಇನ್ನೊಂದು ಸೀಟಿದೆ. ಒಂದೇ. ನಿಮ್ಮಲ್ಲಿ ಒಬ್ಬರು ಬರಬಹುದು. ಈಗಲೇ ಹೊರಟರೆ ಎರಡಕ್ಕೆ ತಲುಪುತ್ತೇವೆ, ಸಂಜೆ ಇಲ್ಲಿಗೇ ತಂದು ಬಿಡುತ್ತೇವೆ."

ಗಿರಿಜಾ ನನ್ನ ಮುಖ ನೋಡಿದಳು.

ಈ ಗಳಿಗೆಯನ್ನು ನಾನು ಆಮೇಲೆ ಎಷ್ಟೋ ಸಲ ಮನಸ್ಸಿನಲ್ಲಿ ಮತ್ತೆ ಮತ್ತೆ ಆಡಿಸಿ ನೋಡಿದ್ದೇನೆ. ಪ್ರತಿ ಸಲವೂ ನಾನು ಥಟ್ಟನೆ, "ಹೋಗು, ಓಡು, ನನ್ನ ಟೀ ನಾನು ಕುಡೀತೀನಿ," ಎಂದು ಅವಳನ್ನು ಎಬ್ಬಿಸಿ ಕಳಿಸುತ್ತೇನೆ. ಅಜ್ಜನ ವ್ಯಾನಿನಲ್ಲಿ ಅವಳು ಕೂತು ಹೋಗುವುದನ್ನು ನಿಂತು ನೋಡುತ್ತೇನೆ. ಎಷ್ಟು ಸುಲಭದ ಕೆಲಸ. ಯಾವ ಲೈಸೆನ್ಸೂ ಬೇಡ.

ಅವತ್ತು ನಾನು ಹೇಳಿದ್ದು ಬೇರೆ. ಎದೆಯ ಮೇಲೆ ಕೈಯಿಟ್ಟುಕೊಂಡು, "ಬಿಪಿ ಇನ್ನೂ ಇಳಿದಿಲ್ಲ ಅನ್ಸುತ್ತೆ," ಎಂದೆ.

ಗಿರಿಜಾ ಟೀ ಲೋಟ ಕೆಳಗಿಟ್ಟಳು. ಆಮೇಲೆ ಅಜ್ಜಿಯ ಕಡೆ ತಿರುಗಿ, ಬಹಳ ಥ್ಯಾಂಕ್ಸ್, ಇವರನ್ನು ಹೀಗೆ ಬಿಟ್ಟು ಬರುವುದಕ್ಕಾಗುವುದಿಲ್ಲ ಎಂದಳು. ವ್ಯಾನು ಹೋಯಿತು. ಅದು ತಿರುವಿನಲ್ಲಿ ಮರೆಯಾಗುವಾಗ ಹಾರ್ನ್ ಮಾಡಲಿಲ್ಲ.

ಅದು ಹೋದಮೇಲೆ ನಾನು ಒಂದು ದೊಡ್ಡ ಕೇಕಿನ ತುಂಡು ತಿಂದೆ. ಚೆನ್ನಾಗಿಯೇ ಇಳಿಯಿತು, ಬಿಪಿಯೂ, ಕೇಕೂ. ಗೋಡೆಯ ಗಡಿಯಾರ ಎರಡು ತೋರಿಸಿದಾಗ ಗಿರಿಜಾ ಅದರ ಕಡೆ ನೋಡಲಿಲ್ಲ. ಗಾಜಿನ ಮೇಲಿನ ಹಿಮನದಿ ಆ ಹೊತ್ತಿಗೆ ನೀರಾಗಿ ಇಳಿದು ಹೋಗಿತ್ತು.

ಬೆಂಗಳೂರಿಗೆ ಬಂದೆವು. ಬಂದಮೇಲೆ ನೆಂಟರು, ಅಕ್ಕಪಕ್ಕದವರು, ಶಾಲೆಯವರು ಎಲ್ಲರೂ ಗಿರಿಜಾಳನ್ನು, "ಹಿಮನದಿ ನೋಡಿದ್ರಾ? ಹೇಗಿತ್ತು?" ಎಂದು ಕೇಳಿದರು. "ತುಂಬಾ ಚೆನ್ನಾಗಿತ್ತು, ತುಂಬಾ ದೊಡ್ಡದು," ಎಂದಳು. ನನ್ನ ಮಾನ ಉಳಿಸಲು ಹೇಳಿದಳೆಂದು ನನಗೆ ಗೊತ್ತು. ನೋಡದೇ ಇರುವುದನ್ನು ಪಾಠ ಮಾಡಿದ್ದಕ್ಕೇ ಮನಸ್ಸು ಚುಚ್ಚಿಸಿಕೊಂಡಿದ್ದವಳು ಅವಳು. ಈಗ ನನ್ನಿಂದಾಗಿ ಸುಳ್ಳನ್ನೂ ಹೇಳುವಂತಾಯಿತು.

ಒಮ್ಮೆ ನಾನಾಗಿ, "ಇನ್ನೊಂದ್ ಸಲ ಹೋಗೋಣ ಕಣೇ," ಎಂದೆ.

"ನೋಡೋಣ," ಎಂದಳು. ನಮ್ಮಲ್ಲಿ ನೋಡೋಣ ಎಂದರೆ ಏನೆಂದು ಎಲ್ಲರಿಗೂ ಗೊತ್ತು.

ಹೋದ ಭಾನುವಾರ ಪಕ್ಕದ ಮನೆಯ ನಾಗಭೂಷಣ್ ಬಂದರು. ಗಂಡ ಹೆಂಡತಿ ಇಬ್ಬರೂ ನ್ಯೂಜಿಲೆಂಡಿಗೆ ಹೊರಟಿದ್ದಾರೆ. ಅಲ್ಲಿ ಕಾರು ಬಾಡಿಗೆಗೆ ಹಿಡಿದು ತಾವೇ ಓಡಿಸುತ್ತಾರಂತೆ. "ನೀವು ಎಕ್ಸ್‌ಪೀರಿಯೆನ್ಸ್ ಇರೋರು ಸಾರ್. ಸ್ವಲ್ಪ ಗೈಡ್ ಮಾಡಿ," ಎಂದು ಸೋಫಾದಲ್ಲಿ ಕೂತರು. ಗಿರಿಜಾ ಕಾಫಿ ತಂದುಕೊಟ್ಟು ಅಲ್ಲೇ ಕೂತಳು.

ಹಾರ್ನಿನ ವಿಷಯ, ಇಂಡಿಕೇಟರಿನ ವಿಷಯ, ಹೇಳಬೇಕಾದದ್ದು ಎಷ್ಟೋ ಇತ್ತು. ಹೇಳಹೊರಟರೆ ಒಂದೊಂದಕ್ಕೂ ನನ್ನ ಕಥೆಯನ್ನೇ ಹೇಳಬೇಕಾಗುತ್ತಿತ್ತು. ಕೊನೆಗೆ, "ಒಂದೇ ಒಂದು ಮಾತು. ನಿಮ್ಮ ಮನೆಯವ್ರ ಹೆಸರನ್ನೂ ಡ್ರೈವರ್ ಅಂತ ಬರೆಸಿ," ಎಂದೆ.

ನಾಗಭೂಷಣ್ ನಕ್ಕರು. "ಅಯ್ಯೋ, ಅವಳ್ಯಾಕೆ ಸಾರ್? ನಾನಿದೀನಲ್ಲ."

ಗಿರಿಜಾ ಅವರನ್ನೇ ಸ್ವಲ್ಪ ಹೊತ್ತು ನೋಡಿದಳು. ನಾನು ಕಾಫಿ ಲೋಟದೊಳಗೆ ನೋಡಿದೆ.

"ಹೆಸರು ಬರೆಸಿ," ಎಂದಳು ಅವಳು ಮೆಲ್ಲಗೆ. "ಆಮೇಲೆ, ಅಲ್ಲಿ ಹಿಮನದಿ ನೋಡೋಕೆ ಹೋಗ್ತೀರಲ್ಲ, ನನಗೊಂದು ಫೋಟೋ ಕಳಿಸ್ತೀರಾ? ಹತ್ತಿರದಿಂದ ತೆಗೆದಿದ್ದು. ಕ್ಲಾಸಲ್ಲಿ ಮಕ್ಕಳಿಗೆ ತೋರಿಸ್ಬೇಕು."

ನಾಗಭೂಷಣರಿಗೆ ಆಶ್ಚರ್ಯವಾಯಿತು. "ನೀವೇ ನೋಡ್ಕೊಂಡ್ ಬಂದಿದೀರಲ್ಲ ಮೇಡಂ? ನಿಮ್ಮ ಹತ್ರ ಫೋಟೋ ಇಲ್ವಾ?"

ಗಿರಿಜಾ ನನ್ನ ಕಡೆ ನೋಡಲಿಲ್ಲ.

"ಹೋಗಿದ್ವಿ," ಎಂದಳು. "ಇವ್ರು ದಾರಿಯುದ್ದಕ್ಕೂ ಹಾರ್ನ್ ಹೊಡೆದ್ರಲ್ಲ. ಅದು ಇನ್ನೂ ಹಿಂದಕ್ಕೆ ಹೋಗ್ಬಿಡ್ತು."

ನಾಗಭೂಷಣ್ ಜೋರಾಗಿ ನಕ್ಕರು. ಗಿರಿಜಾಳೂ ನಕ್ಕಳು. ನಾನು ಮೂರೂ ಕಾಫಿ ಲೋಟ ಎತ್ತಿಕೊಂಡು ತೊಳೆಯಲು ಒಳಗೆ ಹೋದೆ.